ಮರೆಹೊಕ್ಕವರ ಕಥೆ

ಜನವರಿ 27 ನಮ್ಮ ಶಾಲೆಗಳಿಗೆ ಗಣರಾಜ್ಯೋತ್ಸವದ ಮಾರನೆಯ ದಿನ, ಅಷ್ಟೆ. ಧ್ವಜದ ಕಟ್ಟೆಯ ಸುತ್ತ ಹಾಕಿದ ರಂಗೋಲಿ ಇನ್ನೂ ಅಳಿಸಿರುವುದಿಲ್ಲ, ಪಾಠ ಮತ್ತೆ ಶುರುವಾಗಿರುತ್ತದೆ. ಹಲವು ದೇಶಗಳಲ್ಲಿ ಅಂದು ಹಿಟ್ಲರನ ಆಡಳಿತ ಕೊಂದ ಅರವತ್ತು ಲಕ್ಷ ಯಹೂದಿಗಳನ್ನು ನೆನೆಯುತ್ತಾರೆ. 1945ರ ಜನವರಿ 27ರಂದು ಸೋವಿಯತ್ ಸೈನಿಕರು ಪೋಲೆಂಡಿನ ಆಶ್‌ವಿಟ್ಸ್ ಶಿಬಿರವನ್ನು ಬಿಡುಗಡೆ ಮಾಡಿದರು. 2005ರಲ್ಲಿ ವಿಶ್ವಸಂಸ್ಥೆ ಅದೇ ದಿನವನ್ನು ಸ್ಮರಣೆಗೆ ಗೊತ್ತುಮಾಡಿತು. ಕೊಲೆಯಾದ ಆ ಅರವತ್ತು ಲಕ್ಷದಲ್ಲಿ ಸುಮಾರು ಹದಿನೈದು ಲಕ್ಷ ಮಂದಿ ಮಕ್ಕಳು.

ದರೋಜಿ, ಕಂಪ್ಲಿ, ಸಂಡೂರಿನ ಮಕ್ಕಳಿಗೆ ಇದನ್ನೆಲ್ಲ ಏಕೆ ಹೇಳಬೇಕು ಎಂದು ಕೇಳುವ ಮೇಷ್ಟ್ರುಗಳಿದ್ದಾರೆ. ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಹಿಟ್ಲರ್ ಬರುತ್ತಾನೆ, ಎರಡು ಅಂಕದ ಪ್ರಶ್ನೆಯಾಗಿ ಹೋಗುತ್ತಾನೆ. ಅಷ್ಟು ಸಾಲದೆ ಎಂಬುದು ಅವರ ಮಾತು. ಆದರೆ ಯಹೂದಿಗಳು ನಮ್ಮ ಸೀಮೆಗೆ ಅಪರಿಚಿತರೇನಲ್ಲ. ಸೈನ್ಯದ ಕಡ್ಡಾಯ ಸೇವೆ ಮುಗಿಸಿದ ಇಸ್ರೇಲಿ ಹುಡುಗ ಹುಡುಗಿಯರು ವರ್ಷಾನುಗಟ್ಟಲೆ ಹಂಪಿಗೆ ಬಂದಿದ್ದಾರೆ. ಹೊಳೆಯಾಚೆಯ ವಿರುಪಾಪುರ ಗಡ್ಡೆಯಲ್ಲಿ ಹೀಬ್ರೂ ಅಕ್ಷರದ ಬೋರ್ಡುಗಳೇ ಇದ್ದವು. ಅವರೊಡನೆ ವ್ಯವಹರಿಸಿದ ನಮ್ಮ ಹುಡುಗರಿಗೆ ‘ಶಾಲೋಮ್’ ಗೊತ್ತು. ಆ ಪ್ರವಾಸಿಗಳಲ್ಲಿ ಎಷ್ಟೋ ಜನರ ಅಜ್ಜ ಅಜ್ಜಿಯರು ಯುರೋಪಿನಿಂದ ಜೀವ ಉಳಿಸಿಕೊಂಡು ಓಡಿದವರು ಎಂಬುದು ಮಾತ್ರ ಗೊತ್ತಿಲ್ಲ. ಬಾಡಿಗೆ ಮಾತಾಡುವಷ್ಟು ಪರಿಚಯವಾದವರ ಕಥೆಯನ್ನೂ ಒಮ್ಮೆ ಕೇಳಬೇಡವೇ?

ಎಲ್ಲಿಂದ ಶುರುಮಾಡಬೇಕು ಎನ್ನುವುದಕ್ಕೆ ದರೋಜಿಯಲ್ಲೇ ದಾರಿ ಇದೆ. ಬುರ್ರಕಥೆಯ ಈರಮ್ಮನವರು 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿಯದ ಅವರು ಹನ್ನೆರಡು ಮಹಾಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಅವರು ಹಾಡುತ್ತಿದ್ದ ಕಥೆಗಳಲ್ಲಿ ಕುಮಾರರಾಮನದೂ ಒಂದು. ಗಂಡುಗಲಿ, ಪರನಾರಿ ಸಹೋದರ ಎಂದು ಅವನನ್ನು ಊರೂರು ಪೂಜಿಸುತ್ತದೆ. ಅವನ ಮನೆತನ ಏಕೆ ಅಳಿಯಿತು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ.

ದೆಹಲಿಯ ಮಹಮದ್ ಬಿನ್ ತುಘಲಕನ ವಿರುದ್ಧ ಅವನ ಸಂಬಂಧಿಯೇ ಆದ ಬಹಾವುದ್ದೀನ್ ಗುರ್ಷಾಸ್ಪ್ ಎಂಬ ಅಧಿಕಾರಿ ದಂಗೆಯೆದ್ದ, ಸೋತ, ಓಡಿಬಂದು ಕುಮಾರರಾಮನ ತಂದೆ ಕಂಪಿಲರಾಯನ ಮರೆಹೊಕ್ಕ. ಕುಮಾರರಾಮನ ಕಾವ್ಯಗಳಲ್ಲಿ ಈ ಗುರ್ಷಾಸ್ಪನೇ ಬಹಾದೂರನಾಗಿ ಬರುತ್ತಾನೆ. ಒಪ್ಪಿಸು ಎಂದು ದೆಹಲಿ ಕೇಳಿತು, ಕಂಪಿಲರಾಯ ಒಪ್ಪಿಸಲಿಲ್ಲ. 1327ರ ಸುಮಾರಿಗೆ ಕುಮ್ಮಟದುರ್ಗ ಬಿತ್ತು, ಹೆಂಗಸರು ಬೆಂಕಿಗೆ ಬಿದ್ದರು, ಅರಸ ಯುದ್ಧದಲ್ಲಿ ಸತ್ತ. ಸಾಯುವ ಮುನ್ನ ಗುರ್ಷಾಸ್ಪನನ್ನು ಹೊಯ್ಸಳ ಬಲ್ಲಾಳನ ಕಡೆಗೆ ದಾಟಿಸಿದ್ದ. ಬಲ್ಲಾಳ ಅವನನ್ನು ಹಿಡಿದು ಸುಲ್ತಾನನ ಸೇನೆಗೆ ಒಪ್ಪಿಸಿದ. ಒಬ್ಬ ಅರಸ ಧರ್ಮ ಬೇರೆಯಾದ, ಭಾಷೆ ಬೇರೆಯಾದ ಮನುಷ್ಯನಿಗಾಗಿ ರಾಜ್ಯವನ್ನೇ ಕಳೆದುಕೊಂಡ, ಇನ್ನೊಬ್ಬ ರಾಜ್ಯ ಉಳಿಸಿಕೊಳ್ಳಲು ಬಂದವನನ್ನು ಕೊಟ್ಟುಬಿಟ್ಟ. ಇಬ್ಬರೂ ಕನ್ನಡ ನಾಡಿನವರೇ.

ನಾಜಿಗಳ ಕಾಲದಲ್ಲಿ ಜಗತ್ತು ಬಹುಮಟ್ಟಿಗೆ ಬಲ್ಲಾಳನಂತೆಯೇ ನಡೆದುಕೊಂಡಿತು. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾಂ ಊರಿನಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿ, ಯಹೂದಿ ನಿರಾಶ್ರಿತರ ಬಗ್ಗೆ ಮರುಕದ ಮಾತಾಡಿ, ಬಾಗಿಲು ತೆರೆಯದೆ ಎದ್ದುಹೋದರು. ಮರುವರ್ಷ ‘ಸೇಂಟ್ ಲೂಯಿಸ್’ ಹಡಗು ಒಂಬೈನೂರಕ್ಕೂ ಹೆಚ್ಚು ಮಂದಿಯನ್ನು ಹೊತ್ತು ಕ್ಯೂಬಾದವರೆಗೆ ಹೋಯಿತು. ಕ್ಯೂಬಾ ಬೆರಳೆಣಿಕೆಯಷ್ಟು ಜನರನ್ನು ಮಾತ್ರ ಇಳಿಸಿಕೊಂಡಿತು, ಅಮೆರಿಕ ಯಾರನ್ನೂ ಇಳಿಸಿಕೊಳ್ಳಲಿಲ್ಲ. ಯುರೋಪಿಗೆ ಹಿಂದಿರುಗಿದವರಲ್ಲಿ 254 ಮಂದಿ ಮುಂದೆ ಕೊಲೆಯಾದರು.

ನಮ್ಮ ಲೆಕ್ಕವೂ ಅಷ್ಟು ಚೊಕ್ಕಟವಿಲ್ಲ. ಬ್ರಿಟಿಷರ ಭಾರತ ವೀಸಾಗಳನ್ನು ಕೈಬಿಚ್ಚಿ ಕೊಡಲಿಲ್ಲ. ಯುದ್ಧ ಶುರುವಾದಾಗ ಜರ್ಮನ್ ಪಾಸ್‌ಪೋರ್ಟ್ ಇದ್ದ ಯಹೂದಿಗಳನ್ನೂ ಶತ್ರುದೇಶದವರೆಂದು ಕೂಡಿಹಾಕಿದ್ದುಂಟು. ಗಾಟಿಂಗೆನ್ನಿನಲ್ಲಿ ಕೆಲಸ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ 1935ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆಸಿಕೊಂಡರು, ಕಾಯಂ ಹುದ್ದೆ ಕೊಡಿಸಲು ಹೋರಾಡಿದರು. ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೊಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಅವರ ಬಂಧು, ಬರ್ಲಿನ್ನಿನ ವಾಸ್ತುಶಿಲ್ಪಿ ಆಟೊ ಕೊನಿಗ್ಸ್‌ಬರ್ಗರ್ ಅವರಿಗೆ ಅದೃಷ್ಟ ಕೂಡಿಬಂತು. ದಿವಾನ್ ಮಿರ್ಜಾ ಇಸ್ಮಾಯಿಲ್ 1939ರಲ್ಲಿ ಅವರಿಗೆ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯ ಕೆಲಸ ಕೊಟ್ಟರು. ಟಾಟಾ ಇನ್‌ಸ್ಟಿಟ್ಯೂಟಿನ ಏರೋನಾಟಿಕ್ಸ್ ವಿಭಾಗದ ಕಟ್ಟಡ ಅವರ ಕೈಯದು. ಸ್ವಾತಂತ್ರ್ಯದ ನಂತರ ಭುವನೇಶ್ವರದ ನಕ್ಷೆಯನ್ನೂ ಅವರೇ ಬರೆದರು. ಆಶ್ರಯ ಕೊಟ್ಟ ನಾಡಿಗೆ ಕಳೆದುಕೊಳ್ಳುವುದಷ್ಟೇ ಅಲ್ಲ, ಪಡೆಯುವುದೂ ಇರುತ್ತದೆ.

ಈ ನೆನಪನ್ನು ಕನ್ನಡಕ್ಕೆ ಗಟ್ಟಿಯಾಗಿ ತಂದವರು ನೇಮಿಚಂದ್ರ. 2007ರ ಅವರ ‘ಯಾದ್ ವಶೇಮ್’ ಕಾದಂಬರಿಯಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ತಂದೆಯೊಡನೆ ಬೆಂಗಳೂರಿಗೆ ಬರುವ ಯಹೂದಿ ಹುಡುಗಿ, ತಂದೆ ತೀರಿಕೊಂಡ ಮೇಲೆ ನೆರೆಯ ಮುಸ್ಲಿಂ ಮನೆಯಲ್ಲಿ ಬೆಳೆಯುತ್ತಾಳೆ. ಬಹುಕಾಲದ ನಂತರ ಕಳೆದುಹೋದ ತನ್ನವರನ್ನು ಹುಡುಕಿ ಹೊರಡುತ್ತಾಳೆ. ಮೈಸೂರು ರಸ್ತೆಯ ಯಹೂದಿ ಸ್ಮಶಾನದ ಬಗ್ಗೆ ಎಷ್ಟೋ ಕನ್ನಡಿಗರು ಮೊದಲು ತಿಳಿದದ್ದು ಈ ಕಾದಂಬರಿಯಿಂದಲೇ. ಮೈಸೂರು ಅರಸರು ಕೊಟ್ಟ ಆ ಜಾಗದಲ್ಲಿ 1904ರಿಂದ ಸಮಾಧಿಗಳಿವೆ. ಬೆಂಗಳೂರಿನ ಯಹೂದಿ ಸಮುದಾಯ ತೀರ ಚಿಕ್ಕದು. ಆದರೆ ಅವರ ಪದ್ಧತಿಯಂತೆ ಸತ್ತವರಿಗಾಗಿ ಹೇಳುವ ‘ಕಡಿಶ್’ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ಕೂಡಬೇಕು.

ಹಾಗಾದರೆ ಮಕ್ಕಳ ಜೊತೆ ಈ ದಿನವನ್ನು ಹೇಗೆ ಆಚರಿಸುವುದು? ಹೆಣಗಳ ರಾಶಿಯ ಚಿತ್ರಗಳನ್ನು ತೋರಿಸಬೇಡಿ. ಭಯಪಟ್ಟ ಮಗು ಏನನ್ನೂ ಕಲಿಯುವುದಿಲ್ಲ, ಕಣ್ಣು ಮುಚ್ಚಿಕೊಳ್ಳುತ್ತದೆ. ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕದಲ್ಲಿ ಮಕ್ಕಳ ನೆನಪಿಗೆಂದೇ ಕಟ್ಟಿದ ಕತ್ತಲೆಯ ಕೋಣೆಯೊಂದಿದೆ. ಸತ್ತ ಮಕ್ಕಳ ಹೆಸರು, ವಯಸ್ಸು, ದೇಶವನ್ನು ಅಲ್ಲಿ ಒಂದೊಂದಾಗಿ ಓದುತ್ತಾರೆ, ಅಷ್ಟೇ. ಲಕ್ಷ ಎಂಬ ಸಂಖ್ಯೆ ಹತ್ತು ವರ್ಷದ ಹುಡುಗಿಯ ಮನಸ್ಸಿಗೆ ಇಳಿಯದು, ತನ್ನದೇ ವಯಸ್ಸಿನ ಒಂದು ಹೆಸರು ಇಳಿಯುತ್ತದೆ.

ನಾಟಕವೂ ಒಂದು ದಾರಿ. ವಾರ್ಸಾದ ಘೆಟ್ಟೋದಲ್ಲಿ ಅನಾಥಾಲಯ ನಡೆಸುತ್ತಿದ್ದ ವೈದ್ಯ ಯಾನುಷ್ ಕೊರ್ಚಾಕ್ 1942ರ ಜುಲೈ 18ರಂದು ತಮ್ಮ ಮಕ್ಕಳಿಂದ ಒಂದು ನಾಟಕ ಆಡಿಸಿದರು: ರವೀಂದ್ರನಾಥ ಟಾಗೋರರ ‘ಡಾಕ್ ಘರ್’. ಕಾಯಿಲೆಯ ಹುಡುಗ ಅಮಲ್ ಕಿಟಕಿಯ ಬಳಿ ಕುಳಿತು ರಾಜನ ಕಾಗದಕ್ಕೆ ಕಾಯುವ ಕಥೆ. ಕೆಲವೇ ವಾರಗಳಲ್ಲಿ ಸುಮಾರು ಇನ್ನೂರು ಮಕ್ಕಳನ್ನು ಟ್ರೆಬ್ಲಿಂಕಾಕ್ಕೆ ಸಾಗಿಸಿದರು. ತಪ್ಪಿಸಿಕೊಳ್ಳುವ ಅವಕಾಶ ಬಂದರೂ ಕೊರ್ಚಾಕ್ ಮಕ್ಕಳನ್ನು ಬಿಟ್ಟು ಹೋಗಲಿಲ್ಲ, ಅವರ ಜೊತೆಗೇ ರೈಲು ಹತ್ತಿದರು. ಸಾವಿನ ಬಾಗಿಲಲ್ಲಿ ನಿಂತ ಪೋಲೆಂಡಿನ ಮಕ್ಕಳು ಆಡಿದ್ದು ನಮ್ಮ ದೇಶದ ನಾಟಕವನ್ನು. ಅದನ್ನು ಕನ್ನಡದಲ್ಲಿ ಆಡಲು ಖರ್ಚೇನಿಲ್ಲ, ಒಂದು ಕಿಟಕಿ ಸಾಕು.

ದರೋಜಿಯ ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಈರಮ್ಮನವರ ಬುಡ್ಗ ಜಂಗಮರು ಊರಿಂದೂರಿಗೆ ಅಲೆದು ಹಾಡಿ ಬದುಕಿದವರು. ಯುರೋಪಿನ ಅಲೆಮಾರಿಗಳಾದ ರೋಮಾ ಜನರ ಭಾಷೆಯ ಬೇರು ಭಾರತದಲ್ಲಿದೆ. ನಾಜಿಗಳು ಅವರಲ್ಲೂ ಎರಡು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಕೊಲ್ಲುವ ಮೊದಲು ಅವರ ಪಟ್ಟಿ ಮಾಡಿದ್ದರು. ನಮ್ಮಲ್ಲೂ ಬ್ರಿಟಿಷರು 1871ರಲ್ಲಿ ಕಾಯಿದೆ ಮಾಡಿ ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಪಟ್ಟಿಗೆ ಸೇರಿಸಿದ್ದರು. ಅದು ರದ್ದಾದದ್ದು ಸ್ವಾತಂತ್ರ್ಯದ ನಂತರ, 1952ರಲ್ಲಿ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ಹುಟ್ಟಿನ ಕಾರಣಕ್ಕೆ ಜನರನ್ನು ಬೇರೆಯಾಗಿ ಬರೆದಿಡುವಾಗಲೇ ಎಚ್ಚರವಾಗಬೇಕು ಎಂಬ ಪಾಠ ಮಾತ್ರ ಎರಡರದೂ ಒಂದೇ.

ಯಹೂದಿಗಳ ಕಥೆ ಹೇಳುವಾಗ ಮಕ್ಕಳು ಇಸ್ರೇಲ್ ಮತ್ತು ಗಾಜಾದ ಬಗ್ಗೆ ಕೇಳಿಯೇ ಕೇಳುತ್ತಾರೆ. ಬಾಯಿ ಮುಚ್ಚಿಸಬೇಡಿ. ಒಂದು ಮಗುವಿನ ಸಾವು ಇನ್ನೊಂದು ಮಗುವಿನ ಸಾವನ್ನು ವಜಾ ಮಾಡುವುದಿಲ್ಲ ಎಂದು ನೇರವಾಗಿ ಹೇಳಿ. ಆಶ್‌ವಿಟ್ಸ್‌ನ ನೆನಪು ಯಾವುದೇ ಸರ್ಕಾರದ ಸೊತ್ತಲ್ಲ. ಹಾಳಾದ ಹಂಪಿಯ ಮಗ್ಗುಲಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗಬೇಕು. ವಿಜಯನಗರ ಬಿದ್ದ 1565ರ ನೆನಪನ್ನು ಇಂದಿನ ನೆರೆಯವನ ಮೇಲೆ ದ್ವೇಷ ಕಟ್ಟಲು ಬಳಸುವವರನ್ನು ನಾವು ಕಂಡಿಲ್ಲವೇ? ಸತ್ತವರನ್ನು ನೆನೆಯುವುದು ಬದುಕಿರುವವರನ್ನು ಕಾಯಲು. ಕಂಪಿಲರಾಯನ ಹೆಸರು ಹೇಳಿ ಬೀಗುವ ಹಕ್ಕೂ ಪುಕ್ಕಟೆ ಸಿಗುವುದಿಲ್ಲ: 2025ರ ಮಾರ್ಚ್‌ನಲ್ಲಿ ಸಣಾಪುರದ ಬಳಿ ಪ್ರವಾಸಿಗಳ ಮೇಲೆ ನಡೆದ ಕ್ರೌರ್ಯಕ್ಕೆ ಈ ಸೀಮೆಯೆಲ್ಲ ತಲೆತಗ್ಗಿಸಿದೆ.

ಶಿಕ್ಷಕರಲ್ಲಿ, ತಂದೆ ತಾಯಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಈ ಜನವರಿ 27ರಂದು ಒಂದು ಪಿರಿಯಡ್ ಮೀಸಲಿಡಿ. ಕುಮಾರರಾಮನ ಕಥೆ ಬಲ್ಲ ಹಿರಿಯರನ್ನು ಕರೆಸಿ ಮರೆಹೊಕ್ಕವನ ಭಾಗವನ್ನು ಹಾಡಿಸಿ, ಆಮೇಲೆ ಸೇಂಟ್ ಲೂಯಿಸ್ ಹಡಗಿನ ಕಥೆ ಹೇಳಿ. ಸಾಧ್ಯವಾದರೆ ಬೆಂಗಳೂರಿನ ಅಥವಾ ಮುಂಬೈಯ ಯಹೂದಿ ಕುಟುಂಬದವರೊಬ್ಬರನ್ನು ಫೋನಿನಲ್ಲಾದರೂ ಮಕ್ಕಳೊಡನೆ ಮಾತಾಡಿಸಿ. ಕೊನೆಗೆ ಮಕ್ಕಳನ್ನು ಒಂದೇ ಪ್ರಶ್ನೆ ಕೇಳಿ: ಬೇರೆ ಜಾತಿಯ, ಬೇರೆ ಧರ್ಮದ ಮಗುವೊಂದು ಹೆದರಿ ನಿಮ್ಮ ಮನೆಯ ಬಾಗಿಲಿಗೆ ಬಂದರೆ ಏನು ಮಾಡುತ್ತೀರಿ? ಅವರು ಬರೆದ ಉತ್ತರಗಳನ್ನು ತಿದ್ದದೆ ನಮಗೆ ಕಳಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಗೆಯೇ ಅಚ್ಚುಹಾಕುತ್ತೇವೆ.

— ಸಂಪಾದಕ