ಚಿಪ್ ಷೇರೂ ಟೊಮ್ಯಾಟೊ ರೇಟೂ

"ಕೊಂಡಿಟ್ಟು ಮರೆತುಬಿಡಿ, ಹದಿನೈದು ವರ್ಷ ಆದ್ಮೇಲೆ ನೋಡಿ." ಚಿಪ್ ಕಂಪನಿಗಳ ಷೇರಿನ ಬಗ್ಗೆ ಈಗ ಸ್ಟಾಫ್ ರೂಮಿನಲ್ಲೂ ಇದೇ ಉಪದೇಶ, ಟೀ ಅಂಗಡಿಯಲ್ಲೂ ಇದೇ. ಮೊಬೈಲಿಗೆ ಚಿಪ್ ಬೇಕು, ಕಾರಿಗೆ ಬೇಕು, ಮುಂದೆ ಎಲ್ಲಕ್ಕೂ ಬೇಕು, ಆದ್ದರಿಂದ ಷೇರು ಏರಲೇಬೇಕು ಅಂತ ವಾದ. ಬೇಕು ಅನ್ನೋದು ನಿಜ. 'ಆದ್ದರಿಂದ' ಅನ್ನೋದು ಸುಳ್ಳು.

ಅಮೆರಿಕದ ಇಂಟೆಲ್ ಕಂಪನಿಯನ್ನೇ ನೋಡಿ. 2000ದ ಆಗಸ್ಟ್‌ನಲ್ಲಿ ಅದರ ಷೇರು ಸುಮಾರು 75 ಡಾಲರ್ ಇತ್ತು. ಮನೆಮನೆಗೂ ಕಂಪ್ಯೂಟರ್ ಬರುತ್ತೆ ಅಂತ ನಂಬಿ ಕೊಂಡವರ ಊಹೆ ತಪ್ಪಾಗಲಿಲ್ಲ, ಬಂತು. 2020ರ ಹೊತ್ತಿಗೆ ಕಂಪನಿಯ ವ್ಯಾಪಾರ ಎರಡು ಪಟ್ಟು ಮೀರಿತ್ತು. ಷೇರು ಮಾತ್ರ ಆ 20 ವರ್ಷದಲ್ಲಿ ಮತ್ತೆ 75 ಮುಟ್ಟಲಿಲ್ಲ. ನಡುವೆ ಒಂದಿಷ್ಟು ಡಿವಿಡೆಂಡ್ ಸಿಕ್ಕಿತು. 2024ರಲ್ಲಿ ಅದನ್ನೂ ನಿಲ್ಲಿಸಿದರು. ಭವಿಷ್ಯ ಸರಿಯಾಗಿ ಹೇಳಿದವನೂ ಕೈ ಸುಟ್ಟುಕೊಂಡ, ಯಾಕಂದ್ರೆ ಕೊಟ್ಟ ಬೆಲೆ ಅತಿಯಾಗಿತ್ತು.

"ಹಾಗಾದ್ರೆ ಅಗ್ಗ ಇದ್ದಾಗ ಕೊಳ್ತೀವಿ" ಅನ್ನಬಹುದು ಮೇಷ್ಟ್ರು. ಷೇರಿನ ಬೆಲೆ ಅದರ ವರ್ಷದ ಲಾಭದ ಎಷ್ಟು ಪಟ್ಟು ಅಂತ ನೋಡೋದು ವಾಡಿಕೆ. ಈ ಉದ್ಯಮದಲ್ಲಿ ಆ ಲೆಕ್ಕವೇ ದಾರಿ ತಪ್ಪಿಸುತ್ತೆ. ರಾಯಕೋಟೆ ಮಂಡಿ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಟೊಮ್ಯಾಟೊಗೆ ರೇಟು ಬಂದ ವರ್ಷ ಎಲ್ಲರೂ ಟೊಮ್ಯಾಟೊ ಹಾಕ್ತಾರೆ. ಎಲ್ಲರದ್ದೂ ಒಟ್ಟಿಗೆ ಬಂದಾಗ ರಸ್ತೆಗೆ ಸುರೀತಾರೆ. ರೇಟು ಬಂದ ವರ್ಷದ ಲಾಭ ತೋರಿಸಿ ಒಬ್ಬ ಹೊಲ ಮಾರಲು ಬಂದರೆ ನೀವು ಆ ಲೆಕ್ಕದ ಮೇಲೆ ದುಡ್ಡು ಕೊಡ್ತೀರಾ? ಚಿಪ್‌ನಲ್ಲಿ ಇದು ಮೂರು ತಿಂಗಳ ಬೆಳೆಯಲ್ಲ. ಕಾರ್ಖಾನೆ ಎದ್ದು ನಿಲ್ಲೋಕೆ ಎರಡು ಮೂರು ವರ್ಷ ಬೇಕು, ಅಷ್ಟರಲ್ಲಿ ಪೇಟೆ ತಿರುಗಿರುತ್ತೆ. ಈಗ ಗುಜರಾತಿಗೂ ಬಂದಿರುವ ಮೈಕ್ರಾನ್, ಮೆಮೊರಿ ಚಿಪ್ ಮಾಡುವ ಕಂಪನಿ, 2022ರ ಲೆಕ್ಕದ ವರ್ಷದಲ್ಲಿ ಸುಮಾರು 870 ಕೋಟಿ ಡಾಲರ್ ಲಾಭ ಮಾಡಿತು. ಮರುವರ್ಷ ವ್ಯಾಪಾರ ಅರ್ಧಕ್ಕಿಳಿದು ಸುಮಾರು 580 ಕೋಟಿ ಡಾಲರ್ ನಷ್ಟ. ಲಾಭ ತುಂಬಿ ತುಳುಕುವಾಗಲೇ ಇಂಥ ಷೇರು ಅಗ್ಗವಾಗಿ ಕಾಣೋದು.

"ಆಮೇಲೆ ಮೈಕ್ರಾನ್ ಏರಲಿಲ್ವಾ?" ಏರಿತು, ಚೆನ್ನಾಗೇ ಏರಿತು. ಆದರೆ ನಷ್ಟದ ವರ್ಷ ಅದನ್ನ ಹಿಡಿದುಕೊಂಡು ಕೂತವರು ಯಾರು? ಮಗಳ ಫೀಸಿನ ದುಡ್ಡು ಹಾಕಿದವನಲ್ಲ, ಚಿನ್ನ ಅಡ ಇಟ್ಟವನಂತೂ ಅಲ್ಲ. ಹೊಸಬರು ಏಳೆಂಟು ವರ್ಷದ ಲೆಕ್ಕ ಒಟ್ಟಿಗೆ ನೋಡಲಿ, ಅದರಲ್ಲಿ ಒಂದಾದರೂ ಕೆಟ್ಟ ವರ್ಷ ಇರಲಿ. ಆ ವರ್ಷ ಸಾಲ ಎಷ್ಟಾಯ್ತು, ಹೊಸ ಯಂತ್ರಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಹುಡುಕಲಿ. ಇಷ್ಟಕ್ಕೆ ಪುರುಸೊತ್ತಿಲ್ಲ ಅಂದ್ರೆ ನಾನಾ ಬಗೆಯ ಕಂಪನಿಗಳಿರುವ ಇಂಡೆಕ್ಸ್ ಫಂಡ್ ಸಾಕು, ಅದರಲ್ಲಿ ಅವಮಾನ ಏನಿಲ್ಲ.

ನಮ್ಮ ಹೊಸೂರು ಕಡೆಯ ಮಾತೊಂದು ಉಳಿದಿದೆ. ಇಲ್ಲಿ ಮೊಬೈಲ್ ಬಿಡಿಭಾಗ ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್‌ನವರೇ ಗುಜರಾತಿನ ಧೊಲೇರಾದಲ್ಲಿ 91,000 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆ ಕೈಗೆತ್ತಿಕೊಂಡಿರೋದು. ಅದನ್ನ ನಂಬಿ "ಟಾಟಾ ಷೇರು" ಕೊಂಡೆ ಅನ್ನೋರಿದ್ದಾರೆ. ಆ ಕಂಪನಿ ಟಾಟಾ ಸನ್ಸ್ ಕೈಯಲ್ಲಿದೆ, ಅದರ ಷೇರು ಪೇಟೆಯಲ್ಲಿ ಮಾರಾಟಕ್ಕೇ ಇಲ್ಲ. ಅವರು ಕೊಂಡಿರೋದು ಕಾರಿನ ಷೇರೋ ಉಪ್ಪಿನ ಷೇರೋ, ಒಮ್ಮೆ ತೆಗೆದು ನೋಡಲಿ.