ಕದ್ದು ತಿನ್ನುವ ಕಾಯಿಲೆ

ಹೆಚ್ಚು ತಿನ್ನುವವರನ್ನು ಕಂಡರೆ ನಮ್ಮ ಬಾಯಿಗೆ ಥಟ್ಟನೆ ಬರುವ ಹೆಸರು ಬಕಾಸುರ. ಆದರೆ ಬಕಾಸುರ ಬಂಡಿ ಅನ್ನವನ್ನು ಊರಿಗೆಲ್ಲ ಗೊತ್ತಾಗುವಂತೆಯೇ ಉಂಡ. ಇಲ್ಲಿ ಹೇಳಹೊರಟಿರುವ ಕಾಯಿಲೆಯವರು ಹಾಗಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ದೀಪವನ್ನೂ ಹಾಕದೆ, ಉಳಿದ ಅನ್ನ, ಡಬ್ಬಿಯ ಚಕ್ಕುಲಿ, ಬ್ರೆಡ್ಡು, ಸಕ್ಕರೆ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಗಬಗಬನೆ ತಿನ್ನುತ್ತಾರೆ. ಹಸಿವು ಇರಲೇಬೇಕೆಂದಿಲ್ಲ. ಎಷ್ಟೋ ಸಲ ರುಚಿಯೂ ತಿಳಿಯುವುದಿಲ್ಲ. ಹೊಟ್ಟೆ ಬಿರಿಯುವಂತಾದಾಗ ನಿಲ್ಲಿಸಿ, ಖಾಲಿ ಪೊಟ್ಟಣಗಳನ್ನು ಮುಚ್ಚಿಟ್ಟು, ತಮ್ಮನ್ನು ತಾವೇ ಶಪಿಸಿಕೊಳ್ಳುತ್ತ ಮಲಗುತ್ತಾರೆ.

ವೈದ್ಯರು ಇದನ್ನು ಬಿಂಜ್ ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ನಾವು ಅತಿಭಕ್ಷಣ ರೋಗ ಎನ್ನೋಣ. 1959ರಲ್ಲೇ ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ದಪ್ಪಗಿರುವ ಕೆಲವರಲ್ಲಿ ಇಂಥ ವರ್ತನೆಯನ್ನು ಗುರುತಿಸಿ ಬರೆದಿದ್ದರು. ಆದರೂ ಅಲ್ಲಿನ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದಕ್ಕೆ ಸ್ವತಂತ್ರ ರೋಗದ ಸ್ಥಾನ ದೊರೆತದ್ದು 2013ರಲ್ಲಿ. ವೈದ್ಯರಿಗೇ ಅಷ್ಟು ಕಾಲ ಹಿಡಿಯಿತೆಂದ ಮೇಲೆ ಮನೆಯವರು ಇದನ್ನು ಬಾಯಿಚಪಲ ಎಂದು ಬೈದರೆ ಆಶ್ಚರ್ಯವೇನು?

ಮದುವೆಮನೆಯಲ್ಲಿ ಹೋಳಿಗೆ ಎರಡು ಹೆಚ್ಚಾದರೆ ಅದು ರೋಗವಲ್ಲ. ತಿನ್ನಲು ಕುಳಿತರೆ ನಿಲ್ಲಿಸುವುದು ತನ್ನ ಕೈಯಲ್ಲಿಲ್ಲ ಎನಿಸುವುದು ಮುಖ್ಯ ಲಕ್ಷಣ. ಇದು ವಾರಕ್ಕೊಮ್ಮೆಯಾದರೂ ಆಗುತ್ತ, ಮೂರು ತಿಂಗಳು ಮುಂದುವರಿದು, ಮನಸ್ಸಿಗೆ ಹಿಂಸೆಯಾಗುತ್ತಿದ್ದರೆ ವೈದ್ಯರು ರೋಗವೆಂದು ಪರಿಗಣಿಸುತ್ತಾರೆ. ತಿಂದದ್ದನ್ನು ವಾಂತಿ ಮಾಡಿ ಹೊರಹಾಕುವ ಬುಲಿಮಿಯಾ ಬೇರೆ. ಅತಿಭಕ್ಷಣ ಗಂಡಸರಲ್ಲೂ ಉಂಟು, ತೆಳ್ಳಗಿರುವವರಲ್ಲೂ ಉಂಟು.

ಇನ್ನು ಉಪವಾಸದ ಮಾತು. ರಾತ್ರಿ ತಿಂದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಮರುದಿನ ಬೆಳಗಿನ ತಿಂಡಿ ಬಿಡುತ್ತಾರೆ. ಮಧ್ಯಾಹ್ನ ಬರೀ ಮಜ್ಜಿಗೆ. ನೋಡಿದವರು ಮೆಚ್ಚಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ದೇಹ ಅನ್ನ ಕೇಳುತ್ತದೆ, ಕಚೇರಿಯ ಬೇಸರವೋ ಮನೆಯ ಜಗಳವೋ ಅದಕ್ಕೆ ಸೇರಿಕೊಳ್ಳುತ್ತದೆ, ರಾತ್ರಿ ಮತ್ತೆ ಡಬ್ಬಿ ತೆರೆಯುತ್ತದೆ. ಅಂದರೆ, ಮದ್ದೆಂದು ಹಿಡಿದ ಪಥ್ಯವೇ ಹಲವರಲ್ಲಿ ರೋಗಕ್ಕೆ ಗೊಬ್ಬರ. ದೇವರ ಹೆಸರಿನ ಏಕಾದಶಿಗೆ ನನ್ನ ತಕರಾರಿಲ್ಲ. ಆದರೆ ಈ ಕಾಯಿಲೆಯವರು ಅದನ್ನೂ ಕೆಲಕಾಲ ಬದಿಗಿಡುವುದು ಒಳ್ಳೆಯದು.

ಚಿಕಿತ್ಸೆ ಶುರುವಾಗುವುದೂ ಇಲ್ಲಿಂದಲೇ. ಆಕ್ಸ್‌ಫರ್ಡಿನ ಮನೋವೈದ್ಯ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಕ್ರಮದಲ್ಲಿ ಮೊದಲ ಪಾಠ ಕಡಿಮೆ ತಿನ್ನುವುದಲ್ಲ, ಹೊತ್ತು ಹೊತ್ತಿಗೆ ತಿನ್ನುವುದು. ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ; ಹಗಲಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬಾರದು. ಜೊತೆಗೆ ಏನು ತಿಂದೆ, ಆಗ ಮನಸ್ಸು ಹೇಗಿತ್ತು ಎಂದು ಆಗಿಂದಾಗ್ಗೆ ಬರೆದಿಡಬೇಕು. ಕೆಲವು ವಾರ ಬರೆದರೆ ಯಾವ ಗಳಿಗೆಯಲ್ಲಿ ಹಿಡಿತ ತಪ್ಪುತ್ತದೆಂದು ಅವರಿಗೇ ಕಾಣತೊಡಗುತ್ತದೆ. ಮುಂದಿನದು ಆಪ್ತ ಸಲಹೆಗಾರರ ಜೊತೆಗಿನ ಕೆಲಸ. ಅಮೆರಿಕದಲ್ಲಿ 2015ರಲ್ಲಿ ಲಿಸ್‌ಡೆಕ್ಸ್‌ಆಂಫೆಟಮೈನ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿದೆ; ಚಟವಾಗುವ ಅಪಾಯ ಉಳ್ಳದ್ದಾದ್ದರಿಂದ ವೈದ್ಯರಿಲ್ಲದೆ ಅದರ ಸುದ್ದಿಗೇ ಹೋಗಬಾರದು. ಇನ್ನೊಂದು ಮಾತು: ಸಲಹೆಯ ಚಿಕಿತ್ಸೆಯಿಂದ ಅತಿಭಕ್ಷಣ ನಿಲ್ಲಬಹುದು, ತೂಕ ಅಷ್ಟಾಗಿ ಇಳಿಯದಿರಬಹುದು. ಅದರಿಂದ ಚಿಕಿತ್ಸೆ ಸೋತಿತೆಂದು ತಿಳಿಯಬೇಡಿ.

ಮನೆಯವರು ಡಬ್ಬಿಗೆ ಬೀಗ ಹಾಕುವುದು, ನೆಂಟರೆದುರು ತಟ್ಟೆ ನೋಡಿ ನಗುವುದು ಬಿಡಬೇಕು. ಬೀಗ ಹಾಕಿದರೆ ಅಂಗಡಿಯಿಂದ ಬರುತ್ತದೆ, ಅಷ್ಟೆ. ಜೊತೆಯಲ್ಲಿ ಕುಳಿತು ಉಣ್ಣಿ.

ನೆರವಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರ ಬಳಿ ಹೋದಾಗ ಮೈ ದಪ್ಪವಾಗುತ್ತಿದೆ ಎಂದಷ್ಟೇ ಹೇಳಿ ಎದ್ದು ಬರಬೇಡಿ. ಅವರು ಪಥ್ಯದ ಚೀಟಿ ಕೊಟ್ಟು ಕಳಿಸಿಯಾರು. ರಾತ್ರಿಯ ಸಂಗತಿಯನ್ನು ಬಾಯಿಬಿಟ್ಟು ಹೇಳಿ. ಮಧುಮೇಹದ ಔಷಧಿ ತೆಗೆದುಕೊಳ್ಳುತ್ತಿದ್ದರಂತೂ ಮೊದಲು ಅದನ್ನೇ ಹೇಳಿ.