ಊರಲ್ಲಿ ಕುಮ್ಕಿ ಜಾಗ ಮುಟ್ಟದವರು ವಿದೇಶದ ಪಾಲುಪತ್ರಕ್ಕೆ ಮರುಳಾಗುವುದೇಕೆ?

ಬಂಟ್ವಾಳದಲ್ಲೋ ಬೆಳ್ತಂಗಡಿಯಲ್ಲೋ ಐದು ಸೆಂಟ್ಸ್ ಜಾಗ ತೆಗೆಯಬೇಕಾದರೂ ನಾವು ಎಷ್ಟು ಓಡಾಡುತ್ತೇವೆ! ಪಹಣಿ ತೆಗೆಸುತ್ತೇವೆ, ಇ.ಸಿ. ನೋಡುತ್ತೇವೆ, ವರ್ಗ ಜಾಗವೋ ಕುಮ್ಕಿಯೋ ಅಂತ ನಾಲ್ಕು ಜನರಲ್ಲಿ ವಿಚಾರಿಸುತ್ತೇವೆ. ಮಾರುವವನ ಅಕ್ಕ ತಂಗಿಯರ ಸಹಿ ಆಗಿದೆಯಾ, ರಸ್ತೆ ದಾಖಲೆಯಲ್ಲಿ ಇದೆಯಾ ಅಂತ ಕೇಳದೆ ಅಡ್ವಾನ್ಸ್ ಕೊಡುವುದಿಲ್ಲ. ಕುಮ್ಕಿ ಎಂದರೆ ಸೊಪ್ಪು, ಹುಲ್ಲು, ಕಟ್ಟಿಗೆಯ ಅನುಭವ ಉಂಟು, ಮಾಲಿಕತ್ವ ಇಲ್ಲ ಎಂಬುದು ನಮ್ಮ ಮನೆಯ ಹುಡುಗರಿಗೂ ಗೊತ್ತು.

ಅದೇ ನಾವು ದುಬೈಯಲ್ಲೋ ಜುಬೈಲ್‌ನಲ್ಲೋ ಕುಳಿತು ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ವೀಡಿಯೊ ನೋಡಿ ಟರ್ಕಿಯ ಆಲಿವ್ ತೋಟಕ್ಕೆ ದುಡ್ಡು ಕಳಿಸಲು ತಯಾರಾಗುತ್ತೇವೆ. ಗುಡ್ಡ, ಹಸಿರು, ದೂರದಲ್ಲಿ ಮಿನಾರ, ಕಂತಿನಲ್ಲಿ ಪಾವತಿ. ಏಜೆಂಟ್ ನಮ್ಮವನೇ, ಸಲಾಂ ಹೇಳಿಯೇ ಮಾತು ಶುರು ಮಾಡುತ್ತಾನೆ. ದಾಖಲೆ ಕೇಳಿದರೆ ‘ತಾಪು ಸಿಗುತ್ತದೆ ಕಾಕ, ಏನೂ ಟೆನ್ಶನ್ ಇಲ್ಲ’ ಎಂಬ ಉತ್ತರ. ಎಂಥ ತಾಪು, ಯಾರ ಹೆಸರಿನಲ್ಲಿ ಎಂಬ ಎರಡನೇ ಪ್ರಶ್ನೆ ನಾವು ಕೇಳುವುದೇ ಇಲ್ಲ.

ಹೊರಗೆ ಜಾಗ ಹುಡುಕುವ ಆಸೆಯಲ್ಲಿ ತಪ್ಪಿಲ್ಲ. ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದರೂ ಕೆಲಸ ಹೋದ ದಿನ ಇಕಾಮಾವೂ ಹೋಗುತ್ತದೆ. ಎನ್‌ಆರ್‌ಐ ಆದವನು ಭಾರತದಲ್ಲಿ ಮನೆ, ಫ್ಲಾಟ್ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ, ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ತೋಟದ ಆಸೆ ಇರುವವನಿಗೆ ಇದು ದೊಡ್ಡ ಅಡ್ಡಿ. ಹೊರದೇಶದಲ್ಲಿ ತೋಟ ಮಾರುವವರಿಗೆ ಈ ಆಸೆಯೇ ಬಂಡವಾಳ.

ಟರ್ಕಿಯ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅಲ್ಲಿನ ಭೂದಾಖಲೆ ವ್ಯವಸ್ಥೆ ಹಳೆಯದು, ಗಟ್ಟಿಯಾದದ್ದೇ. ತಾಪು ಅಂದರೆ ಸರಕಾರಿ ಭೂನೋಂದಣಿ ಕಚೇರಿಯ ಹಕ್ಕುಪತ್ರ. ತಾಪು ಕೆಟ್ಟದ್ದಲ್ಲ, ನಮಗೆ ಕೊಡುವ ತಾಪು ಯಾವುದು ಎಂಬಲ್ಲೇ ಎಲ್ಲ ಇರುವುದು. ಕೃಷಿ ಭೂಮಿ ಚೂರುಚೂರಾಗಬಾರದು ಎಂದು ಅಲ್ಲಿನ ಕಾನೂನು ಕನಿಷ್ಠ ಅಳತೆ ಇಟ್ಟಿದೆ. ಸಾಮಾನ್ಯ ಹೊಲಕ್ಕೆ 2 ಹೆಕ್ಟೇರ್, ಎಂದರೆ ಸುಮಾರು 5 ಎಕರೆ. ಮರಗಿಡಗಳಿರುವ ತೋಟಕ್ಕೆ ಅರ್ಧ ಹೆಕ್ಟೇರ್, ಸುಮಾರು 123 ಸೆಂಟ್ಸ್. ಇದಕ್ಕಿಂತ ಸಣ್ಣದಾಗಿ ಭಾಗ ಮಾಡಿ ಬೇರೆ ಹಕ್ಕುಪತ್ರ ಮಾಡಲು ಬರುವುದಿಲ್ಲ.

ಹಾಗಾದರೆ ವೀಡಿಯೊದಲ್ಲಿ ಬೇಲಿ ಹಾಕಿ ನಂಬರ್ ಬರೆದ 500 ಚದರ ಮೀಟರ್, ಅಂದರೆ 12 ಸೆಂಟ್ಸ್ ಚಿಲ್ಲರೆ ಜಾಗ ಮಾರುವುದು ಹೇಗೆ? ಅಲ್ಲಿಗೆ ಬರುತ್ತದೆ ‘ಹಿಸ್ಸೆಲಿ ತಾಪು’. ದೊಡ್ಡ ಹೊಲದ ಒಂದೇ ಹಕ್ಕುಪತ್ರದಲ್ಲಿ ಹತ್ತಾರು ಜನರ ಹೆಸರು, ಪ್ರತಿಯೊಬ್ಬನಿಗೂ ಇಷ್ಟರಲ್ಲಿ ಇಷ್ಟು ಪಾಲು. ಹಿಸ್ಸೆ ಎಂಬ ಪದ ನಮಗೆ ಹೊಸದಲ್ಲ, ನಮ್ಮ ಪಹಣಿಯಲ್ಲಿ ಸರ್ವೆ ನಂಬರಿನ ಪಕ್ಕದಲ್ಲೇ ಹಿಸ್ಸಾ ನಂಬರ್ ಇರುತ್ತದೆ. ಪದ ಒಂದೇ, ಅರ್ಥ ಬೇರೆ. ನಮ್ಮಲ್ಲಿ ಹಿಸ್ಸಾ ಎಂದರೆ ಅಳೆದು, ಗಡಿ ಗುರುತಿಸಿ ಬೇರೆ ಮಾಡಿದ ತುಂಡು. ಅಲ್ಲಿ ಅದು ಪಾಲಾಗದ ಕುಟುಂಬದ ಆಸ್ತಿಯ ಹಾಗೆ. ಇಡೀ ಹೊಲದಲ್ಲಿ ನಮಗೆ ಲೆಕ್ಕದ ಪಾಲು ಉಂಟು. ಬೇಲಿ ಹಾಕಿ ತೋರಿಸಿದ ಆ ಜಾಗವೇ ನಮ್ಮದು ಎನ್ನಲು ಆ ಪತ್ರದಲ್ಲಿ ಆಧಾರ ಇಲ್ಲ. ಬೇಲಿ ಹಾಕಿದ್ದು ಏಜೆಂಟ್, ಭೂಕಚೇರಿ ಅಲ್ಲ.

ಇದರಿಂದ ಬರುವ ತೊಂದರೆಗಳು ಒಂದೆರಡಲ್ಲ. ಸಹಮಾಲಕರಲ್ಲಿ ಯಾರಾದರೂ ಕೋರ್ಟಿಗೆ ಹೋಗಿ ಸಹಮಾಲಿಕತ್ವ ಮುಗಿಸಿ ಎಂದು ಕೇಳಬಹುದು. ಕಾನೂನಿನ ಪ್ರಕಾರ ಭಾಗ ಮಾಡಲಾಗದ ಹೊಲವಾದರೆ ಕೋರ್ಟ್ ಅದನ್ನು ಹರಾಜು ಹಾಕಿ ದುಡ್ಡು ಹಂಚುತ್ತದೆ. ನಾವು ಹೊಸದಾಗಿ ಪಾಲು ಕೊಂಡಾಗ ಹಳೆಯ ಸಹಮಾಲಕನಿಗೆ ಅದನ್ನು ತಾನೇ ಕೊಳ್ಳುವ ಮೊದಲ ಹಕ್ಕೂ ಇದೆ. ಟರ್ಕಿಯವರು ಅದನ್ನು ‘ಶುಫಾ’ ಎಂದೇ ಕರೆಯುತ್ತಾ ಬಂದಿದ್ದಾರೆ. ದರ್ಸ್‌ನಲ್ಲಿ ಫಿಖ್‌ಹ್ ಓದಿದವರಿಗೆ ಈ ಪದ ಗೊತ್ತು. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಶುಫ್‌ಅ ಇರುವುದು ಪಾಲುದಾರನಿಗೆ. ಪಾಲಿನ ಜಾಗ ತೆಗೆಯುವವನು ಉಳಿದ ಪಾಲುದಾರರನ್ನು ಕೇಳಬೇಕು ಎಂಬ ಪಾಠ ನಮ್ಮ ಕಿತಾಬಿನಲ್ಲೇ ಇದ್ದದ್ದು, ಏಜೆಂಟ್ ಮಾತ್ರ ಹೇಳಲಿಲ್ಲ.

ಮನೆ ಕಟ್ಟುವ ಆಸೆಯ ಮಾತೂ ಹಾಗೆಯೇ. ಕೃಷಿ ಭೂಮಿಯನ್ನು ಸಣ್ಣ ಸಣ್ಣ ಉದ್ಯಾನಗಳಾಗಿ ಹಂಚಿ ಅದರಲ್ಲಿ ಮರದ ಮನೆ, ಕಂಟೇನರ್ ಮನೆ ಇಡುವ ವ್ಯಾಪಾರದ ವಿರುದ್ಧ ಟರ್ಕಿ 2020ರಲ್ಲಿ ಕಾನೂನು ಬಿಗಿ ಮಾಡಿತು. ಅನುಮತಿ ಇಲ್ಲದೆ ಇಟ್ಟದ್ದನ್ನು ಕೆಡವುವ ಅಧಿಕಾರ ಆಡಳಿತಕ್ಕೆ ಇದೆ. ಕಟ್ಟಡವಿಲ್ಲದ ಜಾಗ ಕೊಂಡ ವಿದೇಶಿ ಅದರಲ್ಲಿ ಏನು ಮಾಡುತ್ತೇನೆ ಎಂಬ ಯೋಜನೆಯನ್ನು 2 ವರ್ಷದೊಳಗೆ ಸಂಬಂಧಪಟ್ಟ ಸಚಿವಾಲಯಕ್ಕೆ ಸಲ್ಲಿಸಬೇಕು. ‘ಜಾಗ ತೆಗೆದರೆ ಪಾಸ್‌ಪೋರ್ಟ್ ಸಿಗುತ್ತದೆ’ ಎಂಬ ಮಾತನ್ನೂ ತೂಗಿ ನೋಡಿ. ಆಸ್ತಿ ಖರೀದಿಯಿಂದ ಪೌರತ್ವ ಕೇಳಲು 2022ರಿಂದ ಕನಿಷ್ಠ 4 ಲಕ್ಷ ಡಾಲರ್ ಬೇಕು. ಹನ್ನೆರಡು ಸೆಂಟ್ಸ್ ಪಾಲಿಗೆ ಆ ಮಾತು ಅನ್ವಯಿಸುವುದಿಲ್ಲ.

ಪಾಲುಪತ್ರವಾದರೂ ಒಂದು ದಾಖಲೆ. ಕೆಲವರ ಕೈಗೆ ಅದೂ ಬರುವುದಿಲ್ಲ. ಕಂಪೆನಿಯ ಮೊಹರು ಹಾಕಿದ ‘ಸೇಲ್ ಕಾಂಟ್ರಾಕ್ಟ್’ ಕೊಡುತ್ತಾರೆ. ಟರ್ಕಿ ಕಾನೂನಿನಲ್ಲಿ ಇಬ್ಬರು ಕೂತು ಸಹಿ ಹಾಕಿದ ಕಾಗದದಿಂದ ಜಾಗ ಕೈ ಬದಲಾಗುವುದಿಲ್ಲ. ಅಧಿಕಾರಿಯ ಮುಂದೆ ನಿಗದಿತ ರೀತಿಯಲ್ಲಿ ಆದ ಮಾರಾಟ ಭೂದಾಖಲೆಗೆ ಏರಿದರೆ ಮಾತ್ರ ಜಾಗ ನಮ್ಮದು. ನೋಟರಿ ಮುಂದೆ ಮಾಡಿದ ಮಾರಾಟದ ವಾಗ್ದಾನವೂ ನಮ್ಮ ಅಗ್ರಿಮೆಂಟಿನಂತೆ, ಮಾಲಿಕತ್ವವಲ್ಲ. ಇನ್ನು ಪವರ್ ಆಫ್ ಅಟಾರ್ನಿ. ಕೊಳ್ಳಲು ಎಂದು ಕೊಟ್ಟ ಅಧಿಕಾರಪತ್ರದಲ್ಲಿ ಮಾರುವ, ದುಡ್ಡು ಪಡೆಯುವ ಅಧಿಕಾರವನ್ನೂ ಸೇರಿಸಿರುತ್ತಾರೆ. ಓದದೆ ಸಹಿ ಹಾಕಿದರೆ ಬೀರುವಿನ ಬೀಗದಕೈ ಕೊಟ್ಟ ಹಾಗೆ.

ಟರ್ಕಿ ಒಂದೇ ಅಲ್ಲ. ಜಾರ್ಜಿಯಾದ ದ್ರಾಕ್ಷಿ ತೋಟಗಳ ಮಾತೂ ಗಲ್ಫಿನಲ್ಲಿ ಕೇಳುತ್ತದೆ. 2018ರ ಕೊನೆಯಲ್ಲಿ ಜಾರಿಗೆ ಬಂದ ಅಲ್ಲಿನ ಸಂವಿಧಾನ ತಿದ್ದುಪಡಿಯ ಪ್ರಕಾರ, ಕೆಲವೇ ವಿನಾಯಿತಿ ಬಿಟ್ಟರೆ, ಕೃಷಿ ಭೂಮಿ ವಿದೇಶಿಯರ ಹೆಸರಿಗೆ ಆಗುವುದಿಲ್ಲ. ತಾಂಜಾನಿಯಾದಲ್ಲಿ ಭೂಮಿಯೆಲ್ಲ ಸಾರ್ವಜನಿಕ, ಜನರಿಗೆ ಇರುವುದು ಅನುಭೋಗದ ಹಕ್ಕು. ವಿದೇಶಿಗೆ ಅದೂ ಸರಕಾರ ಒಪ್ಪಿದ ಹೂಡಿಕೆಯ ಮೂಲಕ ಮಾತ್ರ. ಕೆನ್ಯಾದಲ್ಲಿ 2010ರ ಸಂವಿಧಾನ ವಿದೇಶಿಗೆ 99 ವರ್ಷ ಮೀರದ ಲೀಸ್ ಮಾತ್ರ ಕೊಡುತ್ತದೆ. ಇಂಥ ಕಡೆ ‘ಲೋಕಲ್ ಜನರ ಹೆಸರಲ್ಲಿ ಮಾಡೋಣ, ಆಮೇಲೆ ನಿಮ್ಮ ಹೆಸರಿಗೆ ಬದಲಾಯಿಸೋಣ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಫೋನ್ ಇಡಬೇಕು. ಕಾನೂನು ಕೊಡದ ಹಕ್ಕನ್ನು ಏಜೆಂಟ್ ಎಲ್ಲಿಂದ ತಂದು ಕೊಡುತ್ತಾನೆ?

ದುಡ್ಡು ಹೋಗುವ ದಾರಿಯೂ ಮುಖ್ಯ. ಊರಲ್ಲಿರುವ ಮನೆಯವರು ವಿದೇಶದಲ್ಲಿ ಜಾಗ ಕೊಳ್ಳುವುದಾದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕ್ ಮೂಲಕ, ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ಮಿತಿಯೊಳಗೆ ಕಳಿಸಬೇಕು. ಮಂಗಳೂರಲ್ಲಿ ನಗದು ಕೊಟ್ಟು ಅಲ್ಲಿ ಪಡೆಯುವ ಹವಾಲಾ ದಾರಿ ಫೆಮಾ ಕಾನೂನಿನ ಉಲ್ಲಂಘನೆ, ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ನಾಳೆ ಮೋಸವಾದರೆ ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿಯೂ ಇರುವುದಿಲ್ಲ. ಗಲ್ಫಿನಲ್ಲಿದ್ದಾಗ ಸ್ವಂತ ದುಡಿಮೆಯಲ್ಲಿ ಕೊಂಡ ಹೊರದೇಶದ ಆಸ್ತಿಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ. ಆದರೆ ಇಲ್ಲಿ ಪೂರ್ಣ ನಿವಾಸಿ ಆದ ಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದನ್ನು ತೋರಿಸಲೇಬೇಕು. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾನೂನಿನಲ್ಲಿ 10 ಲಕ್ಷ ರೂಪಾಯಿ ದಂಡ ಇದೆ.

ನಾವು ಕೊನೆಗೆ ಯೋಚಿಸುವ, ಆದರೆ ಮೊದಲೇ ಯೋಚಿಸಬೇಕಾದ ವಿಷಯ ವಾರಸು. ಟರ್ಕಿಯಲ್ಲಿರುವ ಜಾಗಕ್ಕೆ ಅಲ್ಲಿನ ಸಿವಿಲ್ ಕಾನೂನೇ ಅನ್ವಯ. ಮಕ್ಕಳಿದ್ದರೆ ಹೆಂಡತಿಗೆ ಕಾಲು ಭಾಗ, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮ. ನಮ್ಮ ಫರಾಯಿಳ್ ಲೆಕ್ಕ ಅಲ್ಲಿನ ಕಚೇರಿಯಲ್ಲಿ ನಡೆಯುವುದಿಲ್ಲ. ಇದು ಪೂರ್ತಿ ಹಕ್ಕುಪತ್ರ ಇದ್ದವನ ಮಾತು. ಹಕ್ಕುಪತ್ರ ಇಲ್ಲದೆ, ಏಜೆಂಟಿನ ನಂಬರ್ ಮಾತ್ರ ಗಂಡನ ಫೋನಿನಲ್ಲಿ ಇದ್ದರೆ ಇದ್ದತ್‌ನಲ್ಲಿ ಕೂತ ಹೆಣ್ಣುಮಗಳು ಯಾವ ದೇಶದ ಯಾವ ಕಚೇರಿಗೆ ಅರ್ಜಿ ಹಾಕಬೇಕು? ದೂರದ ಜಾಗಕ್ಕೆ ಕಾಗದವೇ ಗಡಿಕಲ್ಲು. ಕಾಗದ ಇಲ್ಲದಿದ್ದರೆ ಅವಳ ಪಾಲಿಗೆ ಜಾಗವೂ ಇಲ್ಲ.

ಹೊರದೇಶದಲ್ಲಿ ಏನೂ ಕೊಳ್ಳಬೇಡಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಒಬ್ಬರದೇ ಹೆಸರಿನ ಪೂರ್ಣ ತಾಪು ಇದ್ದರೆ, ಅದರಲ್ಲಿ ಅಡವು, ಜಪ್ತಿ ಇಲ್ಲ ಎಂದು ಭೂಕಚೇರಿಯ ದಾಖಲೆಯಲ್ಲಿ ಖಾತ್ರಿಯಾದರೆ, ಮಾರುವವನಿಗೆ ಸಂಬಂಧವಿಲ್ಲದ ಅಲ್ಲಿನ ವಕೀಲರು ನೋಡಿ ಒಪ್ಪಿದರೆ, ದುಡ್ಡು ಬ್ಯಾಂಕಿನಿಂದ ಹೋದರೆ, ಕೊಳ್ಳಬಹುದು. ಒಮ್ಮೆ ಹೋಗಿ ಕಣ್ಣಾರೆ ನೋಡುವ ವಿಮಾನದ ಖರ್ಚು ನಷ್ಟವಲ್ಲ. ಭಾಷೆ ಬಾರದಿದ್ದರೆ ಪ್ರಮಾಣಿತ ಅನುವಾದಕ ಬೇಕು, ಏಜೆಂಟಿನ ಗೆಳೆಯ ಸಾಲದು. ಇಷ್ಟರಲ್ಲಿ ಒಂದಕ್ಕೆ ‘ಆಮೇಲೆ ನೋಡುವ’ ಎಂಬ ಉತ್ತರ ಬಂದರೂ ಆ ವ್ಯವಹಾರ ಬೇಡ.

ಕೊಡುಕೊಳ್ಳುವಿಕೆಯನ್ನು ಬರೆದಿಡಿ, ಸಾಕ್ಷಿ ಇಡಿ ಎಂಬ ಆಜ್ಞೆ ಸೂರ ಅಲ್ ಬಖರದ 282ನೇ ಆಯತ್‌ನಲ್ಲಿ ಇದೆ, ಅದು ಕುರ್‌ಆನ್‌ನ ಅತಿ ಉದ್ದದ ಆಯತ್. ದಾಖಲೆ ಕೇಳುವುದು ಅನುಮಾನವಲ್ಲ, ಈಮಾನ್ ಕಡಿಮೆ ಎಂದೂ ಅಲ್ಲ. ‘ನಮ್ಮವನಲ್ಲವಾ, ಹೇಗೆ ಕೇಳುವುದು’ ಎಂಬ ಸಂಕೋಚವೇ ಎಷ್ಟೋ ಮನೆಗಳ ಉಳಿತಾಯ ನುಂಗುವುದು. ನಮ್ಮ ಜಮಾಅತ್‌ಗಳು ಮದುವೆ, ತಲಾಖ್ ವಿಷಯದಲ್ಲಿ ಕೂತು ಮಾತಾಡುವ ಹಾಗೆ, ಗಲ್ಫಿನ ನಮ್ಮ ಸಂಘಟನೆಗಳು ರಕ್ತದಾನ, ಇಫ್ತಾರ್ ನಡೆಸುವ ಹಾಗೆ, ವರ್ಷಕ್ಕೊಮ್ಮೆ ಒಬ್ಬ ವಕೀಲರನ್ನು, ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಕರೆಸಿ ಈ ವಿಷಯ ಮಾತಾಡಿಸಲಿ. ಮನೆಯ ಹೆಂಗಸರೂ ಆ ಸಭೆಯಲ್ಲಿ ಇರಲಿ. ಯಾಕೆಂದರೆ ಪತ್ರ ಸರಿ ಇಲ್ಲದಿದ್ದರೆ ಕೊನೆಗೆ ಉತ್ತರ ಹುಡುಕಬೇಕಾದವರು ಅವರೇ.